ಮಣ್ಣು ಮುಚ್ಚುವ ಮೊದಲು

ಅಕ್ಕ ತೀರಿಕೊಂಡ ಸುದ್ದಿಯನ್ನು ಬಲ್ಜಾನಳಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೊತ್ತು ಇಳಿಯುತ್ತಿತ್ತು. ಅವಳು ಗುಡಿಸಲ ಮುಂದೆ ಕೂತು ಮೀನಿಗೆ ಉಪ್ಪು ಸವರುತ್ತಿದ್ದಳು. ದ್ವೀಪದ ಹವಾಮಾನ ಕೇಂದ್ರವನ್ನು ನೋಡಿಕೊಳ್ಳುವ ಎಸ್ಬೊಲ್ ಮರಳಿನಲ್ಲಿ ಕಾಲೆಳೆದುಕೊಂಡು ಬಂದು, ಅವಳ ಎದುರು ನಿಂತು, ಟೊಪ್ಪಿ ತೆಗೆದ. ಬೋಳುತಲೆಗೆ ನೆಗಡಿಯಾಗುತ್ತದೆಂದು ಮನೆಯೊಳಗೂ ಟೊಪ್ಪಿ ಹಾಕಿಕೊಂಡೇ ಇರುವ ಮನುಷ್ಯ ಅವನು. ಬಲ್ಜಾನ್ ಕೈಯಲ್ಲಿದ್ದ ಮೀನನ್ನು ತೊಟ್ಟಿಗೆ ಹಾಕಿ, ಉಪ್ಪಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಯಾವಾಗ?" ಎಂದು ಕೇಳಿದಳು.

"ಮಧ್ಯಾಹ್ನ, ಆಚೆ ದಡದ ಆಸ್ಪತ್ರೇಲಿ. ಈಗ ವೈರ್‌ಲೆಸ್ಸಿನಲ್ಲಿ ಹೇಳಿದ್ರು. ಬಿಸಿಲು ಜಾಸ್ತಿ, ಇಟ್ಕೊಳ್ಳೋಕಾಗಲ್ಲ. ನಾಳೆ ಮಧ್ಯಾಹ್ನದ ನಮಾಜ್ ಆದ ಕೂಡಲೇ ಮಣ್ಣು ಅಂತೆ. ನಿನ್ನ ಬಾವ ಬಿಸೆನ್ ಅಜ್ಜನ್ನ ಹೇಗಾದ್ರೂ ಕರ್ಕೊಂಡ್ ಬನ್ನಿ ಅಂದ್ರು. ಅವರಿಗೆ ಹೇಳಬೇಡಿ ಅಂತಾನೂ ಅಂದ್ರು."

"ಅದನ್ನೂ ನನಗೆ ಹೇಳಿಕೊಡಬೇಕಾ?"

ಆ ಕರಾವಳಿಯ ಜನ ಸಾವನ್ನು ಕಲ್ಲೆಸೆದ ಹಾಗೆ ಎಸೆಯುವವರಲ್ಲ. ಗಂಡನಿಗೆ ಹೆಂಡತಿಯ ಸಾವನ್ನು ಕುಲದ ಹಿರಿಯರು ಒಟ್ಟಾಗಿ ಬಂದು, ಸುತ್ತುಬಳಸಿನ ಮಾತಿನಿಂದ, ಕಾಲ ಕೆಳಗೆ ಗಟ್ಟಿ ನೆಲವಿರುವಾಗ ಹೇಳಬೇಕು. ಎದೆ ಒಡೆದರೆ ಹಿಡಿದುಕೊಳ್ಳಲು ನಾಲ್ಕು ಕೈ ಇರಬೇಕು. ನಾದಿನಿಯ ಬಾಯಿಂದ, ಅದೂ ನೀರಿನ ಮೇಲೆ, ಆ ಮಾತು ಬರುವುದೆಂದರೆ ಮನೆತನಕ್ಕೇ ಕಳಂಕ. "ದಡ ಕಾಣದವನಿಗೆ ಸಾವು ಹೇಳಬೇಡ" ಎಂದು ಬಲ್ಜಾನಳ ಅಪ್ಪ ಹೇಳುತ್ತಿದ್ದ. ಅಪ್ಪನ ಮಾತನ್ನು ಅವಳು ಮೀರಿದವಳಲ್ಲ.

ಆದರೆ ಹೇಳದೆ ಇರುವುದು ಒಂದು ಕಷ್ಟವಾದರೆ, ತಲುಪಿಸುವುದು ಇನ್ನೊಂದು. ಮೀನುಗಾರರ ಸಂಘ ಮುಚ್ಚಿದ ಮೇಲೆ ದೊಡ್ಡ ಲಾಂಚು ವಾರಕ್ಕೊಮ್ಮೆ ಬಂದರೆ ಅದೇ ಹೆಚ್ಚು. ಉಳಿದದ್ದು ಬಲ್ಜಾನಳ ಗಂಡ ಬಿಟ್ಟುಹೋದ ಮರದ ದೋಣಿ ಮತ್ತು ಅದರ ಹಿಂಬದಿಗೆ ಸಿಕ್ಕಿಸಿದ ಸಣ್ಣ ಮೋಟಾರು. ಗಂಡ ಸತ್ತ ಮೇಲೆ ಅದನ್ನು ಅವಳೇ ನಡೆಸುತ್ತಿದ್ದಳು. ತಲೆ ನೆರೆತ ಹೆಂಗಸು ಚುಕ್ಕಾಣಿ ಹಿಡಿಯುವುದನ್ನು ನೋಡಿ ಮೊದಲು ನಕ್ಕವರು ಈಗ ಅವಳ ದೋಣಿಯ ಹಿಂದೆಯೇ ತಮ್ಮ ದೋಣಿ ಬಿಡುತ್ತಿದ್ದರು.

"ಮೂಡಣ ಗಾಳಿ ಏಳೋ ಹಾಗಿದೆ, ಅಕ್ಕ," ಎಂದ ಎಸ್ಬೊಲ್. "ಬಡಗಲಿಗೆ ಸುತ್ತು ಹಾಕಿ ಆಳದ ನೀರಲ್ಲಿ ಹೋಗು. ನೇರವಾಗಿ ಮರಳುದಿಣ್ಣೆ ಮೇಲೆ ಹೋದ್ರೆ ನೀರು ನಿನ್ನ ಕಾಲ ಕೆಳಗಿಂದ ಜಾರಿಬಿಡುತ್ತೆ."

"ಸುತ್ತು ಹಾಕಿದ್ರೆ ಯಾವಾಗ ಮುಟ್ತೀನಿ?"

ಎಸ್ಬೊಲ್ ಬೆರಳು ಮಡಿಸಿ ಲೆಕ್ಕ ಹಾಕಿದ. ಸುತ್ತು ಹಾಕಿದರೆ ನಮಾಜ್ ಮುಗಿದು, ಮಣ್ಣು ಮುಚ್ಚಿ, ಜನ ಕೈ ತೊಳೆದು ಊಟಕ್ಕೆ ಕೂತಿರುತ್ತಾರೆ.

ಇನ್ನೊಬ್ಬನಾಗಿದ್ದರೆ ತಡವಾದರೂ ಕ್ಷಮೆಯಿತ್ತು. ಬಿಸೆನನಿಗೆ ಇರಲಿಲ್ಲ. ಅವನ ಒಬ್ಬನೇ ಮಗ ಸೈನ್ಯಕ್ಕೆ ಸೇರಿ ರೈಲಿಗೂ ವಾರ ಹಿಡಿಯುವಷ್ಟು ದೂರದ ಊರಿನಲ್ಲಿ ಸತ್ತಿದ್ದ. ಬಿಸೆನ್ ಹೋಗಿ ಇಳಿಯುವಷ್ಟರಲ್ಲಿ ಹೂತಾಗಿತ್ತು. ತನ್ನ ಕರುಳಕುಡಿಯ ಗೋರಿಗೆ ಒಂದು ಹಿಡಿ ಮಣ್ಣು ಹಾಕಲಾಗದೆ ಬಂದ ಅವನು, ಅಂದಿನಿಂದ ಕೂತಲ್ಲಿ ನಿಂತಲ್ಲಿ ಬಲ ಅಂಗೈಯನ್ನು ಮೊಣಕಾಲಿಗೆ ಉಜ್ಜಿಕೊಳ್ಳುತ್ತಿದ್ದ. ಅಲ್ಲಿ ಏನೋ ಅಂಟಿದೆ ಎಂಬಂತೆ, ಅಥವಾ ಅಂಟಬೇಕಾದದ್ದು ಅಂಟಲಿಲ್ಲ ಎಂಬಂತೆ. ಅಕ್ಕ ಉಲ್ಮೆಕೆನ್ ಒಮ್ಮೆ ಹೇಳಿದ್ದಳು: "ನಾನು ಮೊದಲು ಹೋದ್ರೆ, ಬಲ್ಜಾನ್, ಈ ಮನುಷ್ಯನ ಕೈಲೇ ಮೊದಲ ಹಿಡಿ ಹಾಕಿಸು. ಇಲ್ಲದಿದ್ರೆ ಉಜ್ಜಿ ಉಜ್ಜಿ ಕೈ ಸವೆಸ್ಕೋತಾನೆ."

ಬಲ್ಜಾನ್ ಎದ್ದಳು. "ಡಬ್ಬಿಗಳಿಗೆ ಪೆಟ್ರೋಲು ತುಂಬು. ದಿಣ್ಣೆ ಮೇಲೇ ಹೋಗ್ತೀನಿ."

ಎಸ್ಬೊಲ್ ದೋಣಿ ಸಿದ್ಧಮಾಡುವಷ್ಟರಲ್ಲಿ, ದಾರಿಗೆ ಬೇಕಾಗುತ್ತದೆಂದು ಅವಳು ಒಲೆ ಹಚ್ಚಿ, ಹಿಟ್ಟು ಕಲಸಿ, ರೊಟ್ಟಿ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಂಡಳು. ಕೈ ತನ್ನಷ್ಟಕ್ಕೆ ಮಾಡಿತು. ಮನಸ್ಸು ಎಲ್ಲೋ ಇತ್ತು. ಆಮೇಲೆ ಮುಖ ತೊಳೆದು ಬಿಸೆನನ ಗುಡಿಸಲಿಗೆ ಹೋದಳು. ಅವನು ಬೆರಳಲ್ಲೇ ಕಣ್ಣು ಮಾಡಿಕೊಂಡು ಹರಿದ ಬಲೆ ಹೊಲಿಯುತ್ತಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಬಾವ, ಏಳು. ಅಕ್ಕನಿಗೆ ಸ್ವಲ್ಪ ಜಾಸ್ತಿಯಾಗಿದೆಯಂತೆ. ನಿನ್ನ ಮುಖ ನೋಡಬೇಕು ಅಂತಿದಾಳಂತೆ."

ಅವನ ಸೂಜಿ ನಿಂತಿತು.

"ಈ ಮುಖಾನಾ? ಇಷ್ಟು ವರ್ಷ ನೋಡಿದ್ದು ಸಾಲದಂತಾ ಅವಳಿಗೆ?"

"ಅದನ್ನೇ ನಾನೂ ಕೇಳ್ದೆ. ಆಸ್ಪತ್ರೇಲಿ ನಗೋಕೆ ಬೇರೆ ಏನೂ ಸಿಗ್ತಿಲ್ವಂತೆ."

ಬಿಸೆನ್ ನಕ್ಕ. ಸೂಜಿಯನ್ನು ಬಲೆಗೆ ಚುಚ್ಚಿಟ್ಟು, ಅಂಗಿಯ ಮೇಲೆ ಕುರಿದೊಗಲಿನ ಕೋಟು ಹಾಕಿಕೊಂಡು, ಕೋಲು ಹಿಡಿದು ಬಂದ. ಬೆಳಗಾಗಲಿ ಎನ್ನಲಿಲ್ಲ, ಲಾಂಚು ಬರಲಿ ಎನ್ನಲಿಲ್ಲ. ವಯಸ್ಸಾದಂತೆ ಮನುಷ್ಯ ಮಗುವಿನಂತಾಗುತ್ತಾನೆ, ಒಳ್ಳೆಯದೇ ಆಯಿತು ಎಂದುಕೊಂಡಳು ಬಲ್ಜಾನ್. ಆ ಯೋಚನೆಗಾಗಿ ಅವಳು ಆಮೇಲೆ ನಾಚಿಕೊಂಡಳು.

ದಡದಲ್ಲೇ ಇಬ್ಬರೂ ರಾತ್ರಿಯ ನಮಾಜ್ ಮುಗಿಸಿದರು. ಬಿಸ್ಮಿಲ್ಲಾ ಎಂದು ದೋಣಿ ನೂಕಿದರು. ಬಿಸೆನ್ ಮುಂದಿನ ಮೂಲೆಯಲ್ಲಿ, ಆಳ ನೋಡುವ ಗಳ ಹಿಡಿದು ಕೂತ. ಬಲ್ಜಾನ್ ಹಿಂದೆ ಮೋಟಾರಿನ ಹಿಡಿಯ ಬಳಿ. ನಡುವೆ ಪೆಟ್ರೋಲಿನ ಡಬ್ಬಿಗಳು, ಲಂಗರು, ಹಗ್ಗ, ರೊಟ್ಟಿಯ ಗಂಟು. ಧ್ರುವನಕ್ಷತ್ರವನ್ನು ಎಡಗಿವಿಯ ಮೇಲೆ ಇಟ್ಟುಕೊಂಡು ಅವಳು ಮೂಡಣಕ್ಕೆ ದೋಣಿ ಬಿಟ್ಟಳು. ಹಿಂದೆ ದ್ವೀಪದ ದೀಪ ಸ್ವಲ್ಪ ಹೊತ್ತು ಇದ್ದು, ಒಂದು ತೆರೆಯ ಹಿಂದೆ ಬಿದ್ದು, ಮತ್ತೆ ಏಳಲಿಲ್ಲ.

ಹತ್ತಿದ ಹೊತ್ತಿನಿಂದ ಬಿಸೆನ್ ಸುಮ್ಮನೆ ಕೂರಲಿಲ್ಲ.

"ಏ ಹುಡುಗಿ, ಈ ದೋಣಿ ಯಾಕೆ ಹೀಗೆ ಕುಡುಕನ ಹಾಗೆ ಹೋಗ್ತಿದೆ?"

ಅರುವತ್ತು ದಾಟಿದ 'ಹುಡುಗಿ' ಹಿಂದಿನಿಂದ ಕೂಗಿದಳು: "ಮುಂದೆ ಮೂಟೆ ಕೂತಿದೆಯಲ್ಲ, ಅದಕ್ಕೆ. ಆ ಕಡೆ ಸರಿ!"

"ನಿನ್ನ ಗಂಡ ಇದೇ ದೋಣೀನ ಸೂಜಿಗೆ ದಾರ ಪೋಣಿಸಿದ ಹಾಗೆ ನಡೆಸ್ತಿದ್ದ."

"ಅವನ ದೋಣೀಲಿ ನೀನು ವಾಂತಿ ಮಾಡಿದ್ದು ನನಗಿನ್ನೂ ಜ್ಞಾಪಕ ಇದೆ, ಬಾವ."

"ಅದು ನಿನ್ನ ಅಡುಗೆ ತಿಂದು!"

ಅವರ ಸೀಮೆಯಲ್ಲಿ ಬಾವನಿಗೂ ನಾದಿನಿಗೂ ಇಂಥ ಕಿತ್ತಾಟ ಸಲ್ಲುತ್ತದೆ. ಮದುವೆಯಾದ ದಿನ ಹೊಸ ಬಾವನ ಬೂಟು ಬಚ್ಚಿಟ್ಟಲ್ಲಿಂದ ಶುರುವಾದದ್ದು, ಒಬ್ಬರು ಸಾಯುವವರೆಗೂ ನಡೆಯುತ್ತದೆ. ಆದರೆ ಆ ರಾತ್ರಿ ಬಿಸೆನ್ ಎಂದಿಗಿಂತ ಹೆಚ್ಚು ಕೆಣಕುತ್ತಿದ್ದ. ಅವಳ ಮೂಗಿನ ಮಾತು ತೆಗೆದ, ಅವಳ ಒಂಟೆ ಒದ್ದ ಕತೆ ತೆಗೆದ, ಅವಳು ಚಿಕ್ಕಂದಿನಲ್ಲಿ ಕಡಲುನಾಯಿ ಮರಿಯನ್ನು ಹಾಸಿಗೆಯಲ್ಲಿ ಮಲಗಿಸಿಕೊಂಡದ್ದು ತೆಗೆದ. ಅವಳು ಉತ್ತರ ಹುಡುಕಬೇಕಾಗುತ್ತಿತ್ತು. ಉತ್ತರ ಹುಡುಕುವಷ್ಟು ಹೊತ್ತು ಅಕ್ಕನ ನೆನಪು ಹಿಂದೆ ಸರಿಯುತ್ತಿತ್ತು. ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ ಅವಳ ದನಿ ಒಡೆಯಿತು. ಕತ್ತಲೆಗೆ ಕೃತಜ್ಞಳಾಗಿ ಅವಳು ಕಣ್ಣು ಒರೆಸಿಕೊಳ್ಳದೆ ಬಿಟ್ಟಳು. ಒರೆಸಲು ಒಂದು ಕೈ ಬೇಕು. ಎರಡೂ ಕೈ ಮೋಟಾರಿಗೆ ಬೇಕಾಗಿತ್ತು.

ಎಸ್ಬೊಲ್ ಹೇಳಿದ ಗಾಳಿ ನಡುರಾತ್ರಿಗೆ ಎದ್ದಿತು. ಎದುರಿನಿಂದಲೇ ಬಂತು. ತೆರೆಗಳು ಗಿಡ್ಡ, ಒತ್ತೊತ್ತು. ದೋಣಿ ಒಂದರ ಮೇಲೆ ಹತ್ತಿ ಇಳಿಯುವ ಮೊದಲೇ ಇನ್ನೊಂದು ಮೂತಿಗೆ ಗುದ್ದುತ್ತಿತ್ತು. ಬಲ್ಜಾನ್ ಪ್ರತಿ ತೆರೆಗೂ ಮೋಟಾರನ್ನು ಸಡಿಲಿಸಿ, ಬೆನ್ನು ದಾಟಿದ ಮೇಲೆ ಬಿಗಿಮಾಡಿ, ಓರೆಯಾಗಿ ಏರಿಸಿ ನೇರವಾಗಿ ಇಳಿಸುತ್ತ ಹೋದಳು. ನೀರು ಒಳಗೆ ಬಿದ್ದಾಗಲೆಲ್ಲ ಬಿಸೆನ್ ತಗಡಿನ ಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲಿದ. ಒಮ್ಮೆ ಅವನು ಮೊಗೆದದ್ದು ಗಾಳಿಗೆ ತಿರುಗಿ ಅವಳ ಮುಖಕ್ಕೇ ರಾಚಿತು.

"ನಮಾಜಿಗೆ ಮುಖ ತೊಳೆಸಿದೆ, ಪುಣ್ಯ ನನಗೆ," ಎಂದ.

"ಪೀರ್ ಬೆಕೆತ್ ಅಜ್ಜ, ಈ ಮುದುಕನಿಂದ ನನ್ನನ್ನ ಕಾಪಾಡು!"

ಆಮೇಲೆ ತೆರೆಗಳು ಇದ್ದಕ್ಕಿದ್ದಂತೆ ಚಿಕ್ಕವಾದವು. ಗಾಳಿ ಕಡಿಮೆಯಾಗಿರಲಿಲ್ಲ, ತೆರೆ ಮಾತ್ರ ಚಿಕ್ಕದಾಗಿತ್ತು. ಅದು ಒಳ್ಳೆಯ ಲಕ್ಷಣವಲ್ಲವೆಂದು ಬಲ್ಜಾನಳಿಗೆ ತಿಳಿಯುವಷ್ಟರಲ್ಲಿ ಬಿಸೆನ್ ಗಳ ಇಳಿಸಿ ಕೂಗಿದ: "ಸೊಂಟ... ಸೊಂಟ... ತೊಡೆ... ನಿಲ್ಲಿಸು!"

ಅವಳು ಮೋಟಾರು ನಿಲ್ಲಿಸಿ ಮೇಲೆತ್ತಿದಳು. ದೋಣಿ ಮುಂದೆ ಜಾರಿ, ಹೊಟ್ಟೆ ಉಜ್ಜಿ, ನಿಂತಿತು.

ಆ ಕಡಲಿಗೆ ಆ ಭಾಗದಲ್ಲಿ ಆಳ ಕಡಿಮೆ. ದಡದ ಕಡೆಯಿಂದ ಗಾಳಿ ಬೀಸಿದರೆ ನೀರನ್ನು ಚಾಪೆಯಂತೆ ಸುತ್ತಿಕೊಂಡು ಹೋಗುತ್ತದೆ. ಗಾಳಿ ತಿರುಗಿದರೆ ಮತ್ತೆ ತಂದು ಹಾಸುತ್ತದೆ. ದಿಣ್ಣೆಯ ಮೇಲೆ ಸಿಕ್ಕಿಕೊಂಡವರು ಕೂತು ಕಾಯುವುದೇ ವಾಡಿಕೆ. ಅರ್ಧ ದಿನ, ಒಂದು ದಿನ. ಎಲ್ಲಿ ನೋಡಿದರೂ ನೀರು, ನಕ್ಷತ್ರ, ದಡದ ಸುಳಿವಿಲ್ಲ. ಆದರೆ ದೋಣಿ ಮರಳಿನ ಮೇಲೆ ಕೂತಿತ್ತು.

"ಕಾಯೋಣ, ಬಾವ," ಎಂದಳು ಬಲ್ಜಾನ್. ಅವಳ ದನಿ ಅವಳಿಗೇ ಬೇರೆಯಾಗಿ ಕೇಳಿತು.

ಕಾದರೆ ಎಲ್ಲವೂ ಮುಗಿದಂತೆ. ದೋಣಿಯನ್ನು ಎಳೆಯಬೇಕು. ಎಳೆಯಲು ಇಬ್ಬರು ಬೇಕು. ಹೆಂಡತಿಗೆ ಸ್ವಲ್ಪ ಜಾಸ್ತಿಯಾಗಿದೆ ಎಂದಷ್ಟೇ ಕೇಳಿರುವ ಎಪ್ಪತ್ತು ದಾಟಿದ ಕುರುಡನನ್ನು ಈ ತಣ್ಣನೆಯ ನೀರಿಗೆ ಯಾವ ಬಾಯಿಂದ ಇಳಿಸುವುದು? ಯಾಕೆ ಇಷ್ಟು ಅವಸರ ಎಂದು ಅವನು ಕೇಳಿದರೆ ಏನು ಹೇಳುವುದು? ಹೇಳಿದರೆ ಅಪ್ಪನ ಮಾತು ಮುರಿದಂತೆ. ಹೇಳದಿದ್ದರೆ ಅಕ್ಕನ ಮಾತು. ಅವಳು ಮೋಟಾರಿನ ಹಿಡಿಯ ಮೇಲೆ ಹಣೆಯಿಟ್ಟು ಕೂತಳು.

"ಕಾಯೋದಾದ್ರೆ ಹೊಟ್ಟೆಗೆ ಏನಾದ್ರೂ ಕೊಡು," ಎಂದ ಬಿಸೆನ್. "ರೊಟ್ಟಿ ತೆಗಿ."

ಅವಳು ಗಂಟು ಬಿಚ್ಚಿದಳು. ಬಿಚ್ಚಿದವಳ ಕೈ ಅಲ್ಲೇ ನಿಂತಿತು. ಅವಳು ಮಾಡಿ ತಂದದ್ದು ಒಲೆಯಲ್ಲಿ ಸುಟ್ಟ ದಪ್ಪ ರೊಟ್ಟಿಯಾಗಿರಲಿಲ್ಲ. ತೆಳುವಾಗಿ ಲಟ್ಟಿಸಿ ಎಣ್ಣೆಯಲ್ಲಿ ಕರಿದ ಶೆಲ್ಪೆಕ್. ಅದನ್ನು ಶುಕ್ರವಾರ ಹಿರಿಯರ ಹೆಸರಿನಲ್ಲಿ ಕರಿಯುತ್ತಾರೆ; ಇಲ್ಲವೇ ಸಾವಾದ ಮನೆಯಲ್ಲಿ, ಆತ್ಮಕ್ಕೆ ಎಣ್ಣೆಯ ವಾಸನೆ ಮುಟ್ಟಲೆಂದು. ಅಂದು ಮಂಗಳವಾರ. ಬೆರಳಾಡಿಸಿದಳು: ಏಳಿತ್ತು. ಸತ್ತವರ ಹೆಸರಿಗೆ ಕರಿಯುವ ಲೆಕ್ಕ, ಹೆಚ್ಚಿಲ್ಲ, ಕಡಿಮೆಯಿಲ್ಲ. ಬಾಯನ್ನು ಇಷ್ಟು ಜೋಪಾನವಾಗಿ ಕಟ್ಟಿಕೊಂಡವಳು ಕೈಯನ್ನು ಕಟ್ಟಿಕೊಂಡಿರಲಿಲ್ಲ.

ಬಚ್ಚಿಡಲು ಸಮಯವಿರಲಿಲ್ಲ. ಬಿಸೆನ್ ಕೈ ಚಾಚಿ ಒಂದನ್ನು ತೆಗೆದುಕೊಂಡ. ಬಾಯಿಗಿಡಲಿಲ್ಲ. ಮೊಣಕಾಲ ಮೇಲೆ ಇಟ್ಟುಕೊಂಡು, ಅಂಗೈಗಳನ್ನು ಮೇಲೆ ಮಾಡಿ, ತಗ್ಗಿದ ದನಿಯಲ್ಲಿ, ತೀರಿಕೊಂಡವರಿಗಾಗಿ ಓದುವ ಫಾತಿಹಾ ಓದಿದ. ಓದಿ, ಎರಡೂ ಕೈಗಳಿಂದ ಮುಖ ಸವರಿಕೊಂಡ. ಆಮೇಲೆ ರೊಟ್ಟಿಯನ್ನು ಮುರಿದು ಅರ್ಧವನ್ನು ಅವಳಿಗೆ ಕೊಟ್ಟ.

"ತಿನ್ನು."

"ಬಾವ..."

"ಸಂಜೆ ನೀನು ಗುಡಿಸಲಿಗೆ ಬಂದಾಗಲೇ ನಿನ್ನ ಬಟ್ಟೆಯಿಂದ ಎಣ್ಣೆ ವಾಸನೆ ಬಂತು, ಹುಡುಗಿ. ಕಣ್ಣಿಗೆ ಪೊರೆ ಬಂದಿದೆ. ಮೂಗಿಗೆ ಬಂದಿಲ್ಲ."

ಬಲ್ಜಾನ್ ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ.

"ಹೇಳಬೇಡ. ಅದು ನೀನು ಹೇಳೋ ಮಾತಲ್ಲ. ನಾನೂ ಇಲ್ಲಿ ಕೇಳೋದಿಲ್ಲ. ದಡದಲ್ಲಿ ಹೇಳೋರಿದಾರೆ, ಅವರು ಹೇಳಲಿ. ನನಗೆ ಒಂದೇ ಗೊತ್ತಾಗಬೇಕು. ಎಷ್ಟು ಹೊತ್ತಿನೊಳಗೆ ಮುಟ್ಟಬೇಕು?"

"ಮಧ್ಯಾಹ್ನದ ನಮಾಜಿಗೆ," ಎಂದಳು ಬಲ್ಜಾನ್.

ಅವನು ಮುಖವನ್ನು ಗಾಳಿಯ ಕಡೆ ತಿರುಗಿಸಿದ. ಬಲ ಅಂಗೈ ಮೊಣಕಾಲಿನ ಮೇಲೆ ಓಡಾಡಿತು. ಆಮೇಲೆ ಗಳ ಊರಿ ಎದ್ದು ನಿಂತ.

"ಹಾಗಾದ್ರೆ ನೀರಿಗೆ ನಮ್ಮನ್ನ ಹುಡುಕ್ಕೊಂಡು ಬಾ ಅನ್ನೋಕಾಗಲ್ಲ. ನಾವೇ ಹೋಗೋಣ. ಲಂಗರು ಕೊಡಿಲ್ಲಿ."

"ನೀರು ತಣ್ಣಗಿದೆ, ಬಾವ."

"ನನ್ನ ಹೆಂಡತಿಯ ಪಾದಕ್ಕಿಂತ ತಣ್ಣಗಿರಲ್ಲ. ಎಷ್ಟು ಚಳಿಗಾಲ ಅದನ್ನ ನನ್ನ ಬೆನ್ನಿಗೆ ಒತ್ತಿ ಬಿಸಿ ಮಾಡ್ಕೊಂಡಿದಾಳೆ, ಗೊತ್ತಾ?"

ಆಗ ಬಲ್ಜಾನಳಿಗೆ ಆ ರಾತ್ರಿಯೆಲ್ಲ ಹಿಂದಿನಿಂದ ಮುಂದಕ್ಕೆ ತಿರುಗಿ ಕಂಡಿತು. ಮೂಗು, ಒಂಟೆ, ಕಡಲುನಾಯಿ ಮರಿ. ಎಲ್ಲವೂ ಗೊತ್ತಿದ್ದೇ ಈ ಮನುಷ್ಯ ಮುಂದೆ ಕೂತು ತನ್ನನ್ನು ಕೆಣಕುತ್ತ ಬಂದಿದ್ದ. ತಾನು ಅವನನ್ನು ದಾಟಿಸುತ್ತಿದ್ದೇನೆ ಎಂದುಕೊಂಡಿದ್ದಳು. ಅವನು ತನ್ನ ಎದೆಯ ಬೆಂಕಿಯ ಮೇಲೆ ಕೂತು, ಅಕ್ಕನನ್ನು ಕಳೆದುಕೊಂಡ ತಂಗಿಯನ್ನು ಒಂದೊಂದೇ ಬೈಗುಳದ ಮೇಲೆ ಕಾಲಿಡಿಸಿ ದಾಟಿಸುತ್ತಿದ್ದ. ದೇವರು ಕೆಲವರಿಗೆ ದುಃಖವನ್ನು ಕೊಡುವಾಗ ಅದನ್ನು ಹೊರುವ ಹೆಗಲನ್ನೂ ಅಳತೆ ಮಾಡಿ ಕೊಟ್ಟಿರುತ್ತಾನೆ. ಅಂಥ ಹೆಗಲನ್ನು ಅವಳು ಇಷ್ಟು ವರ್ಷ ಬೂಟು ಬಚ್ಚಿಟ್ಟು ಗೇಲಿ ಮಾಡಿಕೊಂಡು ಬಂದಿದ್ದಳು.

ಇಬ್ಬರೂ ಇಳಿದರು. ನೀರು ಮೊಣಕಾಲಿಗೂ ಬರಲಿಲ್ಲ. ನಡುಗಡಲಿನಲ್ಲಿ, ನಕ್ಷತ್ರಗಳ ಕೆಳಗೆ, ಇಬ್ಬರು ಮುದುಕರು ಹೊಲದಲ್ಲಿ ನಿಂತಂತೆ ನಿಂತರು. ಬಿಸೆನ್ ಲಂಗರನ್ನು ಹೆಗಲ ಮೇಲೆ ಹೊತ್ತು, ಗಾಳಿಗೆ ಮುಖ ಕೊಟ್ಟು ಹಗ್ಗ ಮುಗಿಯುವವರೆಗೆ ನಡೆದು, ಅದರ ಕೊಂಡಿಯನ್ನು ಮರಳಿಗೆ ತುಳಿದು ನೆಟ್ಟ. ದಿಕ್ಕು ತೋರಿಸಲು ಅವನಿಗೆ ಯಾರೂ ಬೇಕಿರಲಿಲ್ಲ. ಮೂಡಣ ಗಾಳಿ ಅವನ ಕೆನ್ನೆಗೇ ಹೊಡೆಯುತ್ತಿತ್ತು. ತಿರುಗಿ ಬಂದು ದೋಣಿಯ ಹಿಂಬದಿಗೆ ಹೆಗಲು ಕೊಟ್ಟ. ಬಲ್ಜಾನ್ ಮೂತಿಯ ಬಳೆಯೊಳಗೆ ಹಾಯಿಸಿದ ಲಂಗರಿನ ಹಗ್ಗವನ್ನು ಮುಂದಿನಿಂದ ಎಳೆದಳು. ಬಿಸ್ಮಿಲ್ಲಾ ಎಂದು ಒಂದು ಸಲ. ದೋಣಿ ಮರಳಿನಲ್ಲಿ ನರಳಿ ಒಂದು ಮಾರು ಸರಿಯಿತು. ಮತ್ತೆ ಒಂದು ಸಲ. ಹಗ್ಗ ಮುಗಿದಾಗ ಮತ್ತೆ ಲಂಗರು ಹೊತ್ತು ಅವನು ಕತ್ತಲೆಯೊಳಗೆ ನಡೆದ.

ಬಲ್ಜಾನ್ ನಾಲ್ಕಾರು ಸಲ ಎಳೆದ ಮೇಲೆ ಅಲ್ಲೇ ನಿಂತು ಬಿಕ್ಕಿದಳು.

"ಏನದು ಸದ್ದು?" ಎಂದು ಹಿಂದಿನಿಂದ ಕೂಗಿದ.

"ಏನಿಲ್ಲ."

"ಬೈಯಿ, ಹುಡುಗಿ. ಸುಮ್ಮನಾದ್ರೆ ಅಳ್ತೀಯ. ಅತ್ರೆ ಕೈ ಸಡಿಲ ಆಗುತ್ತೆ. ನಾನೊಬ್ನೇ ಈ ಎಮ್ಮೇನ ನೂಕೋಕಾಗಲ್ಲ. ಬೈಯಿ!"

"ಏನಂತ ಬೈಲಿ?"

"ನನ್ನಲ್ಲಿ ಬೈಯೋಕೆ ಏನೂ ಇಲ್ವಾ? ನಿಮ್ಮಕ್ಕನಿಗೆ ದಿನಾ ಹೊಸದು ಸಿಗ್ತಿತ್ತು."

"ಗೊರಕೆ ಹೊಡೀತೀಯ," ಎಂದಳು ಬಲ್ಜಾನ್, ಹಗ್ಗಕ್ಕೆ ಬೆನ್ನು ಬಾಗಿಸಿ.

"ಹಳೇದು."

"ಚಹಾಕ್ಕೆ ಉಪ್ಪು ಜಾಸ್ತಿ ಹಾಕ್ಕೋತೀಯ. ಮೀಸೆ ತುದೀಲಿ ಕೆನೆ ಅಂಟಿರುತ್ತೆ. ಮದುವೇಲಿ ಕುದುರೆಯಿಂದ ಬಿದ್ದೆ!"

"ಬೀಳಲಿಲ್ಲ, ಇಳಿದೆ. ಎಳಿ!"

ದೋಣಿ ಸರಿಯಿತು. ಅವನು ನೂಕುತ್ತ, ಉಸಿರಿನ ನಡುವೆ, ತನ್ನಷ್ಟಕ್ಕೆ ಎಂಬಂತೆ ಹೇಳಿದ: "ಮದುವೆಯಾಗಿ ದ್ವೀಪಕ್ಕೆ ಕರ್ಕೊಂಡ್ ಬಂದ ದಿನ ಹೀಗೇ ನೀರು ಹಿಂದೆ ಹೋಗಿತ್ತು. ದೋಣಿ ದಡಕ್ಕೆ ಬರಲಿಲ್ಲ. ಅವಳನ್ನ ಬೆನ್ನ ಮೇಲೆ ಹೊತ್ಕೊಂಡು ಹೋದೆ. ಹೊಸ ಬೂಟು ನೆನೀಬಾರದಲ್ಲ, ಅದಕ್ಕೆ. ಅರ್ಧ ದಾರೀಲಿ ಕೇಳಿದ್ಲು, 'ಭಾರ ಆಯ್ತಾ?' ಅಂತ. ಆಯ್ತು ಅಂದೆ. 'ಹಾಗಾದ್ರೆ ಬೇಗ ನಡಿ' ಅಂದ್ಲು."

ಬಲ್ಜಾನ್ ನಕ್ಕಳು. ಅಳುವೂ ಅದರಲ್ಲೇ ಇತ್ತು. ಆದರೆ ಕೈ ಸಡಿಲವಾಗಲಿಲ್ಲ.

ಎಷ್ಟು ಸಲ ಲಂಗರು ಹೊತ್ತರೋ ದೇವರಿಗೇ ಗೊತ್ತು. ಬಿಸೆನ್ ಒಂದು ಸಲ ಬಿದ್ದ. ಬಲ್ಜಾನ್ ಓಡಿಬರುವ ಮೊದಲೇ ಎದ್ದು, "ಇಲ್ಲಿ ಆಳ ಇದೆಯಾ ನೋಡ್ದೆ, ಇಲ್ಲ," ಎಂದ. ಮೂಡಣ ಬೂದಿಬಣ್ಣಕ್ಕೆ ತಿರುಗುವ ಹೊತ್ತಿಗೆ ನೀರು ತೊಡೆಗೆ ಬಂತು, ಆಮೇಲೆ ಸೊಂಟಕ್ಕೆ. ದೋಣಿ ಒಮ್ಮೆಲೇ ಹಗುರಾಗಿ ಅವರ ಕೈಯಿಂದ ತಪ್ಪಿಸಿಕೊಳ್ಳುವ ಕರುವಿನಂತೆ ಮುಂದಕ್ಕೆ ಹಾರಿತು. ಅವಳು ಹತ್ತಿ, ಅವನ ಕೋಟಿನ ಕುತ್ತಿಗೆ ಹಿಡಿದು ಒಳಗೆಳೆದುಕೊಂಡಳು. ಮೋಟಾರಿನ ಹಗ್ಗ ಜಗ್ಗಿದಳು. ಕೆಮ್ಮಿತು. ಮತ್ತೆ ಜಗ್ಗಿದಳು. ಹಿಡಿಯಿತು.

ಬೆಳಗಿನ ನಮಾಜನ್ನು ಬಿಸೆನ್ ದೋಣಿಯ ಮೂಲೆಯಲ್ಲಿ ಕೂತೇ ಮಾಡಿದ. ಒದ್ದೆ ಬಟ್ಟೆ, ನಡುಗುವ ಗಡ್ಡ. ಕೊನೆಯಲ್ಲಿ ಎತ್ತಿದ ಕೈಗಳನ್ನು ಅವನು ಬಹಳ ಹೊತ್ತು ಇಳಿಸಲಿಲ್ಲ. ಬಲ್ಜಾನ್ ಅಷ್ಟು ಹೊತ್ತೂ ತೆರೆಗಳನ್ನು ಆದಷ್ಟು ಮೆತ್ತಗೆ ಹತ್ತಿಸಿ ಇಳಿಸಿದಳು. ತನ್ನ ಬದುಕಿನಲ್ಲಿ ದೋಣಿಯನ್ನು ಅಷ್ಟು ಎಚ್ಚರದಿಂದ ಅವಳು ಎಂದೂ ನಡೆಸಿರಲಿಲ್ಲ. ದಿಣ್ಣೆಗಳ ಆಚೆ ಆಳವಿತ್ತು. ಗಾಳಿ ಎದುರಾಗಿದ್ದರೂ ದಾರಿ ನೇರವಾಗಿತ್ತು. ಬಿಸಿಲು ಏರಿದ ಮೇಲೆ ಸುಣ್ಣದ ಬಂಡೆಗಳ ದಡ ಬಿಳಿಗೆರೆಯಂತೆ ಕಂಡಿತು. 

ದಡದಲ್ಲಿ ಗಂಡಸರು ಸಾಲಾಗಿ ನಿಂತಿದ್ದರು. ನೆರಳು ಇನ್ನೂ ಕಾಲಡಿಗೆ ಸರಿದಿರಲಿಲ್ಲ. ಎಲ್ಲರಿಗಿಂತ ಹಿರಿಯ ನುರ್ಪೆಯಿಸ್ ಅಜ್ಜ ಬಿಳಿಗಡ್ಡ ಹಿಡಿದುಕೊಂಡು ನೀರಿನಂಚಿಗೆ ಬಂದ. ಇಬ್ಬರು ಹರೆಯದವರು ಬಿಸೆನನನ್ನು ಇಳಿಸಿ ಅಕ್ಕಪಕ್ಕದಲ್ಲಿ ನಿಂತರು.

"ಕಡಲು ಸುಖವಾಗಿ ಬಿಟ್ಟುಕೊಡ್ತಾ, ಬಿಸೆನ್?"

"ಬಿಟ್ಟುಕೊಡ್ತು, ಅಣ್ಣ."

"ಕೊಡೋನೂ ಅವನೇ, ತಗೊಳ್ಳೋನೂ ಅವನೇ," ಎಂದು ನುರ್ಪೆಯಿಸ್ ಅಜ್ಜ ಶುರುಮಾಡಿದ. "ಹಂಸಗಳು ಗುಂಪಾಗಿ ಹಾರ್ತವೆ, ತಮ್ಮ, ಇಳಿಯೋವಾಗ ಮಾತ್ರ ಒಂದೊಂದೇ ಇಳೀತವೆ. ಮುಂದೆ ಇಳಿದ ಹಂಸನ ಹಿಂದಿನದು ಕೂಗಿ ಕರೀಬಾರದು. ನೂರು ವರ್ಷ ನಿಂತ ಮರಾನೂ ಒಂದು ದಿನ ಎಲೆ..."

ಅಜ್ಜ ತೊಂಬತ್ತರ ಹತ್ತಿರದವನು. ನಡುವೆ ಮಾತು ಮರೆತ. ಹಂಸದಿಂದ ಮರಕ್ಕೆ, ಮರದಿಂದ ಒಂಟೆಯ ಸಾಲಿಗೆ ಹೋದ. ಹೊತ್ತು ಹೋಗುತ್ತಿತ್ತು. ದೋಣಿಯ ಬಳಿ ನಿಂತ ಬಲ್ಜಾನ್ ಮರಳಿನ ಮೇಲೆ ಕಿರಿದಾಗುತ್ತಿದ್ದ ತನ್ನ ನೆರಳನ್ನು ನೋಡಿದಳು. ಬಿಸೆನ್ ಮಾತ್ರ ತಲೆ ಬಾಗಿಸಿ, ಮೊದಲ ಸಲ ಕೇಳುವವನಂತೆ, ಪ್ರತಿ ಮಾತನ್ನೂ ಕೇಳಿದ. ಅಜ್ಜ ತಡವರಿಸಿದಾಗ ಅವಸರ ಮಾಡಲಿಲ್ಲ. ಮೊದಲೇ ಅಳಲಿಲ್ಲ. ಹಿರಿಯರು ಹೊತ್ತು ತಂದ ಮಾತನ್ನು ಅವರ ಕೈಯಿಂದಲೇ ಇಳಿಸಿಕೊಳ್ಳಲು ಕಾದು ನಿಂತ.

"ಯಾರ ಹಂಸ ಇಳೀತು, ಅಣ್ಣ?" ಎಂದು ಕೊನೆಗೆ ಕೇಳಿದ.

"ನಿನ್ನದು, ತಮ್ಮ. ಉಲ್ಮೆಕೆನ್."

ಆಗ ಬಿಸೆನ್ ಕೂಗಿದ. ಆ ಕೂಗು ಸುಣ್ಣದ ಬಂಡೆಗೆ ತಾಗಿ ತಿರುಗಿ ಬಂತು. ಅವನ ಕಾಲು ಕುಸಿಯಿತು. ಆ ನಾಲ್ಕು ಕೈಗಳು ಹಿಡಿದುಕೊಂಡವು. ಅವನಿಗೆ ಮೊದಲೇ ತಿಳಿದಿತ್ತೆಂದು ಬಲ್ಜಾನಳಿಗೆ ಮಾತ್ರ ಗೊತ್ತಿತ್ತು, ಆದರೂ ಅದು ನಟನೆಯಾಗಿರಲಿಲ್ಲ. ಒಂದು ಸಂಜೆ, ಒಂದು ರಾತ್ರಿ, ಒಂದು ಬೆಳಗು ಎದೆಯ ಮೇಲೆ ಹೊತ್ತದ್ದನ್ನು ಅವನು ಇಳಿಸಬೇಕಾದ ಜಾಗದಲ್ಲಿ, ಇಳಿಸಬೇಕಾದ ಹೊತ್ತಿಗೆ ಇಳಿಸಿದ್ದ.

ಗಂಡಸರು ಒಬ್ಬೊಬ್ಬರಾಗಿ ಅವನನ್ನು ತಬ್ಬಿ ಅತ್ತರು. ಅವರಲ್ಲೊಬ್ಬ ಬಲ್ಜಾನಳ ಕಡೆ ತಿರುಗಿ, "ದಾರೀಲಿ ನೀನು ಬಾಯಿ ಬಿಡಲಿಲ್ಲ ತಾನೆ?" ಎಂದು ಗದರಿದ. ಅವಳು ಉತ್ತರಿಸುವ ಮೊದಲೇ ಬಿಸೆನ್ ಕಣ್ಣೊರೆಸಿಕೊಂಡು ಹೇಳಿದ:

"ಅವಳಾ? ದಾರಿಯುದ್ದಕ್ಕೂ ನನ್ನ ಗೊರಕೆ, ನನ್ನ ಮೀಸೆ, ನಾನು ಕುದುರೆಯಿಂದ ಬಿದ್ದದ್ದು, ಇದೇ ಮಾತು. ಇಂಥ ನಾದಿನಿ ಯಾರಿಗಿದಾಳೆ?"

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ದಡದ ಮೇಲಿದ್ದ ನೆಂಟರ ಮನೆಯಲ್ಲಿ ಹೆಂಗಸರು ಬಲ್ಜಾನಳಿಗೆ ಜಾಗ ಬಿಟ್ಟರು. ಅಕ್ಕ ಬಿಳಿಬಟ್ಟೆಯಲ್ಲಿ ಮಲಗಿದ್ದಳು. ತಂಗಿಯಾದವಳು ಹಾಡಿ ಅಳಬೇಕು, ಸತ್ತವಳ ಗುಣಗಳನ್ನು ಒಂದೊಂದಾಗಿ ಹೊಗಳಬೇಕು. ಬಲ್ಜಾನ್ ಆ ಹಾಡಿಗೆ ಹೆಸರಾದವಳು. ಆದರೆ ರಾತ್ರಿಯೆಲ್ಲ ಕೂಗಿ ಅವಳ ಗಂಟಲಲ್ಲಿ ದನಿಯೇ ಉಳಿದಿರಲಿಲ್ಲ. ಅವಳು ಅಕ್ಕನ ತಲೆಯ ಬಳಿ ಕೂತು, ಉಸಿರಿನಷ್ಟೇ ಸದ್ದಿನಲ್ಲಿ ಹೇಳಿದಳು:

"ಅಕ್ಕಾ, ಕರ್ಕೊಂಡು ಬಂದಿದೀನಿ. ಅರ್ಧ ದಾರಿ ಅವನೇ ನನ್ನನ್ನ ಕರ್ಕೊಂಡು ಬಂದ. ಎಂಥವನನ್ನ ಕಟ್ಕೊಂಡಿದ್ದೆ, ಅಕ್ಕಾ, ನನಗೆ ಒಂದು ಮಾತು ಹೇಳಬಾರದಿತ್ತಾ?"

ಸುತ್ತಲಿನ ಹೆಂಗಸರು ಅವಳ ಬದಲಿಗೆ ದನಿ ಎತ್ತಿದರು.

ನಮಾಜ್ ಮುಗಿಸಿ ಗಂಡಸರು ಅಕ್ಕನನ್ನು ಎತ್ತಿಕೊಂಡು ಹೊರಟಾಗ ಹೆಂಗಸರು ಅಂಗಳದ ಅಂಚಿನಲ್ಲಿ ನಿಂತರು. ಅದರಾಚೆ ಅವರು ಹೋಗುವಂತಿಲ್ಲ. ದಿಬ್ಬದ ದಾರಿಯಲ್ಲಿ ಬಿಳಿಯ ಧೂಳೆದ್ದಿತ್ತು. ಎಲ್ಲರ ಮುಂದೆ, ಯಾರ ಕೈಯನ್ನೂ ಹಿಡಿಯದೆ, ಗಾಳಿಗೆ ಮುಖ ಕೊಟ್ಟು ಒಬ್ಬ ಮುದುಕ ನಡೆಯುತ್ತಿದ್ದ. ಅವನ ಕೋಟು ಬೆನ್ನ ಮೇಲೆ ಇನ್ನೂ ಒದ್ದೆಯಾಗಿತ್ತು. ದಿಬ್ಬದಾಚೆ ಅವರು ಮರೆಯಾದ ಮೇಲೆ ಏನೂ ಕೇಳಿಸಲಿಲ್ಲ. ಮಣ್ಣು ಬೀಳುವ ಸದ್ದು ಅಷ್ಟು ದೂರ ಬರುವುದಿಲ್ಲ. ಬಲ್ಜಾನ್ ಅಲ್ಲಿಯೇ ನಿಂತು, ಮೊದಲ ಹಿಡಿ ಬಿದ್ದಿರಬೇಕು ಎಂದು ತೋರಿದಾಗ, ಕೈಗಳನ್ನು ಮೇಲೆತ್ತಿ ದೇವರಿಗೆ ವಂದಿಸಿದಳು.